ಕೆಂಪು ದಾರದ ಹತ್ತು ಟಗರುಗಳು

ನನ್ನ ಹೆಂಡತಿ ದೋಲ್ಕರ್ ತೀರಿಕೊಂಡ ನಲವತ್ತೊಂದನೆಯ ದಿನ ಷಿನಿಂಗ್ ಪಟ್ಟಣದಿಂದ ಡಾಕ್ಟರ್ ಷೆನ್ ನಮ್ಮ ಟಗರುಗಳ ಬೀಜ ಕೊಯ್ಯಲು ಬಂದರು. ಸತ್ತವರು ಮುಂದಿನ ಜನ್ಮದ ದಾರಿ ಕಂಡುಕೊಳ್ಳಲು ನಲವತ್ತೊಂಬತ್ತು ದಿನ ಬೇಕು. ದೋಲ್ಕರ್ ಹಾಸಿಗೆ ಹಿಡಿದಾಗ ತಾನೇ ಒಂದು ಟಗರಿನ ಕಿವಿಗೆ ಕೆಂಪು ಉಣ್ಣೆದಾರ ಕಟ್ಟಿ, ಜೀವದಾನವೆಂದು ಬಿಟ್ಟಿದ್ದಳು. ಹಾಗೆ ಬಿಟ್ಟದ್ದನ್ನು ನಮ್ಮ ಆಮ್ದೊ ಹುಲ್ಲುಗಾವಲಿನಲ್ಲಿ ಯಾರೂ ಕಡಿಯುವುದಿಲ್ಲ, ಮಾರುವುದಿಲ್ಲ, ಬೀಜ ಒಡೆಯುವುದಿಲ್ಲ. ಅದಕ್ಕೆ ಕತ್ತಿ ತಗುಲಿದರೆ ಅವಳು ದಾರಿಯಲ್ಲೇ ನಿಂತುಬಿಡುತ್ತಾಳೆ ಎಂಬ ಭಯ ನನಗೆ.

ಟಗರುಮರಿ ಬೆಳೆದಂತೆ ಬೀಜದೊಳಗಿನ ಅಂಗಾಂಶ ಹೇಗೆ ಬದಲಾಗುತ್ತದೆ, ಯಾವ ವಯಸ್ಸಿಗೆ ಯಾವ ಜೀನ್ ಎಚ್ಚರಗೊಳ್ಳುತ್ತದೆ ಎಂದು ನೋಡುವುದು ಡಾಕ್ಟರ ಕೆಲಸ. ಬೇಸಿಗೆಯಲ್ಲಿ ಬಂದು, ನನ್ನ ಒಪ್ಪಿಗೆ ಪಡೆದು, ಎಳೆಯವು ಬೆಳೆದವು ಸೇರಿ ಒಂಬತ್ತು ಟಗರು ಆರಿಸಿದ್ದರು. ಕಿವಿಗೆ ಚುಚ್ಚುವ ಬಿಲ್ಲೆಗಳು ಮುಗಿದುಹೋಗಿದ್ದವು. ನೆರೆಯ ತ್ಸೆಕೊ ಉಪಕಾರ ಮಾಡಲು ಹೋಗಿ ಕೆಂಪು ದಾರವನ್ನೇ ಕೊಟ್ಟ. ಡಾಕ್ಟರು ಒಂಬತ್ತು ಕಿವಿಗೂ ಗಂಟು ಹಾಕಿದರು. ನಾನಾಗ ದೋಲ್ಕರಳ ಪಕ್ಕ ಕುಳಿತಿದ್ದೆ.

ಈಗ ಎಣಿಸಿದರೆ ಹತ್ತು.

“ಒಂದು ಹೆಚ್ಚಿದೆಯಲ್ಲ ಯಜಮಾನ್ರೇ?”

“ಆ ಮುರುಕು ಕೊಂಬಿಂದು ನನ್ನ ಹೆಂಡ್ತಿದು. ಅದನ್ನ ಮುಟ್ಟಬೇಡಿ.”

“ನಮ್ಮ ಪಟ್ಟೀಲಿ ಕೊಂಬಿನ ಸುದ್ದೀನೇ ಇಲ್ಲ. ರಕ್ತಪರೀಕ್ಷೆ ಮಾಡಿ ಬೇಸಿಗೇಲಿ ತಗೊಂಡ ರಕ್ತಕ್ಕೆ ಹೋಲಿಸಿದ್ರೆ ಯಾವುದು ಹೆಚ್ಚಿಂದು ಅಂತ ತಿಳಿಯತ್ತೆ. ಇಪ್ಪತ್ತು ದಿನ ಬೇಕು.”

“ನನ್ನ ಮಾತು ಸಾಲ್ದಾ?”

“ನಿಮ್ಮ ಮಾತನ್ನ ಯಂತ್ರ ಒಪ್ಪಲ್ಲ.”

“ನಿಮ್ಮ ಮಕ್ಕಳನ್ನೂ ರಕ್ತ ನೋಡೇ ಗುರುತು ಹಿಡೀತೀರಾ?”

ಡಾಕ್ಟರು ಪೆಟ್ಟಿಗೆಯಿಂದ ಕತ್ತಿ ತೆಗೆದು ಹೇಳಿದರು: “ಒಂದು ಕೆಲಸ ಮಾಡೋಣ. ಹತ್ತನ್ನೂ ಕೊಯ್ತೀನಿ. ಆಮೇಲೆ ಹೆಚ್ಚಿಂದು ಯಾವುದು ಅಂತ ಹೇಳಿಕಳಿಸ್ತೀನಿ.”

ಅಷ್ಟರಲ್ಲಿ ಮೂವರು ಮುದುಕಿಯರು ಮಣಿ ಎಣಿಸುತ್ತ ಬಂದು ಟಗರುಗಳಿಗೆ ಪ್ರದಕ್ಷಿಣೆ ಹಾಕತೊಡಗಿದರು. ಹತ್ತೂ ದಾನಕ್ಕೆ ಬಿಟ್ಟವೆಂದು ನಂಬಿ ತಿಂಗಳಿಂದ ಅದು ಅವರ ನಿತ್ಯದ ಕೆಲಸ. ಕತ್ತಿ ಕಂಡು ಕೂಗಿಕೊಂಡರು. ಆ ಕೂಗಿಗೆ, ದೋಲ್ಕರಳಿಗಾಗಿ ಗ್ರಂಥ ಓದಲು ನಮ್ಮ ಮನೆಯಲ್ಲಿದ್ದ ಲಾಮಾ ಜಿನ್ಪಾ ಹೊರಗೆ ಬಂದರು.

“ದಾರ ಯಾರು ಕಟ್ಟಿದ್ದು?”

“ಒಂಬತ್ತು ನಾನೇ ಕಟ್ಟಿದ್ದು,” ಎಂದರು ಡಾಕ್ಟರು.

“ಹಾಗಾದ್ರೆ ಒಂಬತ್ತು ಟಗರಿಗೆ ಜೀವದಾನ ಮಾಡಿದ್ದೀರಿ. ಈ ಕಣಿವೇಲಿ ಇಷ್ಟು ಪುಣ್ಯ ಯಾರೂ ಮಾಡಿಲ್ಲ.”

“ಗುರುತಿಗೆ ಕಟ್ಟಿದ್ದು ಸ್ವಾಮಿ!”

“ನಾವೂ ಗುರುತಿಗೇ ಕಟ್ಟೋದು.”

ಸುದ್ದಿ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರ ಕೊರಳಿಗೆ ಇಪ್ಪತ್ತಮೂರು ಬಿಳಿ ಶಲ್ಯ ಬಿದ್ದು ಕಣ್ಣು ಮಾತ್ರ ಕಾಣುತ್ತಿತ್ತು. ಮುದುಕಿಯೊಬ್ಬಳು ತಲೆಬಾಗಿ ಆಶೀರ್ವಾದ ಕೇಳಿದಳು. ಅವರು ಕತ್ತಿಯನ್ನು ಪೆಟ್ಟಿಗೆಗೆ ಹಾಕಿ ಅವಳ ತಲೆ ಮುಟ್ಟಿದರು.

“ನಾನೀಗ ವರದಿ ಏನು ಬರೀಲಿ?”

“ಎಲ್ಲಾ ಬದುಕಿವೆ ಅಂತ ಬರೀರಿ,” ಎಂದ ತ್ಸೆಕೊ.

ಬಂದದ್ದಕ್ಕೆ ಹೊರಗಿನಿಂದಲಾದರೂ ಬೀಜದ ಅಳತೆ ತೆಗೆದುಕೊಳ್ಳುತ್ತೇನೆಂದು ಡಾಕ್ಟರು ಟೇಪು ಹಿಡಿದರು. ಮುರುಕು ಕೊಂಬಿನದನ್ನು ಎರಡು ಸಲ ಅಳೆದರು.

“ಇದು ಮೂರು ತಿಂಗಳ ಮರಿ ಅಳತೆ. ಇವನು ಬೆಳೆದ, ಅದು ಬೆಳೀಲಿಲ್ಲ. ಇವನಿಂದ ಮರಿ ಆಗಲ್ಲ ಯಜಮಾನ್ರೇ.”

“ಅಯ್ಯೋ, ಇವನ ಜೊತೆಗಿದ್ದ ಕುರಿಗಳನ್ನ ಗೊಡ್ಡು ಅಂತ ಮಾರಿಬಿಟ್ನಲ್ಲ!”

“ಅವುಗಳದ್ದೇನೂ ತಪ್ಪಿರಲಿಲ್ಲ.”

ಆ ಕುರಿಗಳನ್ನು ಮಾರಬೇಡಿ ಎಂದು ದೋಲ್ಕರ್ ಅತ್ತಿದ್ದಳು. ನಮಗೂ ಮಕ್ಕಳಿರಲಿಲ್ಲ. ಮೂವತ್ತಾರು ವರ್ಷ ಕಣಿವೆಯವರ ಚುಚ್ಚುಮಾತು ಕೇಳಿದವಳು ಅವಳು. ಪಕ್ಕದಲ್ಲೇ ಕುಳಿತು ಚಹಾ ಕುಡಿದವನು ನಾನು.

ನಲವತ್ತೊಂಬತ್ತನೆಯ ದಿನ ಓದು ಮುಗಿಸುವ ಮೊದಲು ಲಾಮಾ ಕೇಳಿದರು: “ಅವಳಿಗೆ ಇನ್ನೇನಾದ್ರೂ ಹೇಳೋದಿದ್ಯಾ?”

ಕಣಿವೆಯ ಹೆಂಗಸರೆಲ್ಲ ಅಲ್ಲೇ ಇದ್ದರು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: “ಡಾಕ್ಟ್ರು ಬಂದು ನೋಡಿದ್ರು, ತಪ್ಪು ಅವಳದಲ್ಲ ಅಂತ ಹೇಳಿ.”

“ಕುರಿ ವಿಷಯಾನಾ?”

“ಅಲ್ಲ, ನನ್ನ ವಿಷಯ.”

ಮುರುಕು ಕೊಂಬಿನವನು ಹೊಸ್ತಿಲಲ್ಲಿ ನಿಂತು ಡಾಕ್ಟರು ಮರೆತುಹೋದ ಶಲ್ಯವೊಂದನ್ನು ಮೆಲ್ಲುತ್ತಿದ್ದ. ಯಾರೂ ಬಿಡಿಸಲಿಲ್ಲ.