ನಾಲ್ಕು ಬೆರಳು

ಗಾಜಿನೊಳಗೆ ಫ್ಯಾನು ತಿರುಗುತ್ತಿದೆ, ತಲೆಯ ಮೇಲಿನದು ಮೇಜಿನ ಮೇಲೆ ಮಲಗಿ ತಿರುಗುತ್ತಿದೆ, ಅದರ ರೆಕ್ಕೆಗಳ ನಡುವೆ ಅವಳ ಮುಖ, ಎಷ್ಟು ದಣಿದಿದೆ ಈ ಮುಖ, ಬೆಳಗಿನಿಂದ ಎರಡು ಗಾಜು ಒಡೆದವಳ ಮುಖ — ಇದು ಮೂರನೆಯದು, ಅಂಗಡಿಯಲ್ಲಿ ಉಳಿದಿರುವ ಕೊನೆಯದು. ಇದೂ ಹೋದರೆ ಎದುರು ಬೀದಿಯ ಟೀಚರಮ್ಮನ ಕಿಟಕಿಗೆ ಇವತ್ತೂ ರಟ್ಟೇ ಗತಿ, ಮಗುವಿಗೆ ನೆಗಡಿ ಕಣ್ರೀ, ಸಂಜೆಯೊಳಗೆ ಆಗುತ್ತಾ ಅಂತ ಕೇಳಿದ್ದರು, ಆಗುತ್ತೆ ಅಂದುಬಿಟ್ಟಿದ್ದಳು, ಬಾಯಿ ಯಾವತ್ತೂ ಹಿಂದೇಟು ಹಾಕಿದ್ದಿಲ್ಲ, ಕೈಯದೇ ತಕರಾರು. ಇದೂ ಹೋದರೆ ನಾಳೆ ಮೈದುನ ಬರುತ್ತಾನೆ, ಮೇಜು, ಕಟರು, ಬೋರ್ಡು ಎಲ್ಲ ಕಟ್ಟಿಕೊಂಡು ಹೋಗುತ್ತಾನೆ, ಅತ್ತಿಗೆ, ಗಾಜು ಕತ್ತರಿಸೋರೇ ಇಲ್ಲದ ಮೇಲೆ ಗಾಜಿನಂಗಡಿ ಯಾಕೆ, ಅವನ ಮಾತಲ್ಲಿ ತಪ್ಪೇನಿದೆ, ಕತ್ತರಿಸುತ್ತಿದ್ದ ಗಂಡನ ಬಲಗೈ ನಾಲ್ಕು ತಿಂಗಳಿಂದ ಪರದೆಯಾಚೆಯ ಮಂಚದಲ್ಲಿ ದಿಂಬಿನ ಮೇಲೆ ಬಿದ್ದಿದೆ, ಲಕ್ವ ಹೊಡೆದ ಕೈ, ಅದರ ಯಜಮಾನನ ಬಾಯಿಗೆ ಮಾತ್ರ ಏನೂ ಆಗಿಲ್ಲ. ಕಟರ್ ಸೀಮೆಎಣ್ಣೆಗೆ ಅದ್ದಿದ್ಯಾ, ಅದ್ದಿದೀನಿ, ಅಳತೆಪಟ್ಟಿ ಒತ್ತಿ ಹಿಡ್ಕೊಂಡಿದ್ಯಾ, ಹಿಡ್ಕೊಂಡಿದೀನಿ, ನಡುವೆ ನಿಲ್ಲಿಸಬೇಡ, ಎರಡನೇ ಸಲ ಎಳೀಬೇಡ — ಅಲ್ಲೇ ಎಡವಟ್ಟು, ಎರಡನೇ ಸಲ ಅನ್ನುವುದು ಅವಳ ರಕ್ತದಲ್ಲೇ ಇದೆ, ಬೀಗ ಹಾಕಿ ಮತ್ತೆ ಎಳೆದು ನೋಡುವವಳು, ಗ್ಯಾಸ್ ಆರಿಸಿ ಮತ್ತೆ ಬಂದು ಮುಟ್ಟುವವಳು, ಇಪ್ಪತ್ತೆರಡು ವರ್ಷ ಅವನು ಕತ್ತರಿಸಿದ್ದನ್ನು ಹಳೇ ಪೇಪರಿನಿಂದ ಒರೆಸಿ, ಬೆಳಕಿಗೆ ಹಿಡಿದು, ಮತ್ತೊಮ್ಮೆ ಒರೆಸಿದವಳು, ಮದುವೆಗೂ ಎರಡು ಸಲ ಹೂಂ ಅಂದವಳು ಇವಳು ಅಂತ ಅವನು ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದ. ಒರೆಸುವ ಕೆಲಸ ಎರಡನೇ ಸಲಕ್ಕೇ ಚೆಂದ, ಕತ್ತರಿಸುವುದು ಹಾಗಲ್ಲ. ಮೊದಲ ಗಾಜಿನಲ್ಲಿ ಅಂಚಿಗೆ ಇನ್ನು ನಾಲ್ಕು ಬೆರಳು ದೂರ ಇರುವಾಗ ನಿಂತುಬಿಟ್ಟಳು, ಸರಿ ಹೋಗುತ್ತಿದೆಯೋ ಇಲ್ಲವೋ ಅಂತ, ಕಟರ್ ಎಳೆದ ಬಿಳಿ ಗೆರೆಯೂ ಅಲ್ಲೇ ನಿಂತಿತು, ಒತ್ತಿದರೆ ಬಿರುಕು ಗೆರೆ ಬಿಟ್ಟು ಓರೆಯಾಗಿ ಓಡಿತು. ಎರಡನೆಯದರಲ್ಲಿ ಅಂಚು ಮುಟ್ಟಿದಳು, ಮುಟ್ಟಿ, ಎಲ್ಲಿ ಆಳ ಸಾಲದೋ ಅಂತ ಅದರ ಮೇಲೇ ಮತ್ತೊಮ್ಮೆ ಎಳೆದಳು, ಅದೂ ಚೂರಾಯಿತು. ಕಸದ ಡಬ್ಬದಲ್ಲಿ ಮೊದಲ ಗಾಜಿನ ತುಂಡು ಈಗಲೂ ಕಾಣುತ್ತಿದೆ, ನಾಲ್ಕು ಬೆರಳು ಮೊದಲೇ ನಿಂತ ಬಿಳಿ ಗೆರೆ.

ಸಾಕಾಗಿದೆ, ನಿಜವಾಗಿ ಸಾಕಾಗಿದೆ, ಅವನ ಸ್ನಾನ, ಅವನ ಮಾತ್ರೆ, ಭುಜ ಕೊಟ್ಟು ನಡೆಸುವುದು, ಈಗ ಇದೊಂದು, ಮೈದುನ ಒಯ್ದರೆ ಒಯ್ಯಲಿ, ಒಂದು ಮಧ್ಯಾಹ್ನ ನಿದ್ದೆಯಾದರೂ ಆದೀತು — ಆದರೆ ಅಂಗಡಿ ಹೋದ ದಿನ ಪರದೆಯಾಚೆಯ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗುತ್ತಾನೆ, ಮತ್ತೆ ಈ ಕಡೆ ತಿರುಗುವುದಿಲ್ಲ, ಅದು ಅವಳಿಗೆ ಗೊತ್ತು. ಮೊಣಕೈ ಸಡಿಲ ಬಿಡು, ಭುಜ ಎತ್ತಬೇಡ, ಉಸಿರು ಹಿಡೀಬೇಡ, ರೀ, ಸ್ವಲ್ಪ ಸುಮ್ನಿರಿ, ನಿಮ್ಮ ಮಾತಲ್ಲಿ ಗಾಜಿನ ಸದ್ದೇ ಕೇಳ್ತಿಲ್ಲ. ಅವನು ಸುಮ್ಮನಾದ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲವಿರಬೇಕು. ಆ ಸದ್ದು ಅವಳಿಗೆ ಗೊತ್ತು, ಒರೆಸುತ್ತ ಕೂತಿರುವಾಗ ಕಿವಿಗೆ ಬೀಳುತ್ತಿದ್ದ ಒಂದೇ ಸಮನೆ ಸರ್ರ್, ಎಲ್ಲಾದರೂ ತಡವರಿಸಿದರೆ ಈ ಗಾಜು ಹೋಯಿತು ಅಂತ ಅವನಿಗಿಂತ ಮೊದಲೇ ತಿಳಿಯುತ್ತಿತ್ತು — ಕಟರ್ ಇಟ್ಟಳು, ಎಳೆದಳು, ಸರ್ರ್, ಫ್ಯಾನಿನ ರೆಕ್ಕೆ ದಾಟಿತು, ಅವಳ ಮುಖ ದಾಟಿತು, ನಾಲ್ಕು ಬೆರಳು ಉಳಿದಿರುವಾಗ ಕೈ ಕೇಳಿತು, ನಿಲ್ಲಲಾ, ಉತ್ತರ ಕೊಡದೆ ಎಳೆದಳು, ಕಟರ್ ಅಂಚು ದಾಟಿ ಕೆಳಗೆ ಜಾರಿತು. ಇನ್ನೊಂದು ಸಲ, ಅಂದಿತು ಒಳಗಿನ ಹಳೇ ಚಾಳಿ, ಕಟರನ್ನು ಕೈಗೆಟುಕದಷ್ಟು ದೂರ ತಳ್ಳಿ, ಗೆರೆಯನ್ನು ಮೇಜಿನ ತುದಿಗೆ ತಂದು, ಎರಡೂ ಅಂಗೈ ಒತ್ತಿದಳು, ಟಕ್, ಗಾಜು ನೆಟ್ಟಗೆ ಎರಡಾಯಿತು. ಪರದೆಯಾಚೆಯಿಂದ ಅವನ ದನಿ, ಒಂದು ಕ್ಷಣ ನಾನೇ ಎಳೆದೆ ಅನ್ಕೊಂಡೆ ಕಣೇ. ಮೈದುನನಿಗೆ ಬರಬೇಡ ಅಂತ ಫೋನು ಮಾಡಬೇಕು, ಗಾಜಿನ ಇನ್ನೊಂದು ಬದಿ ಕತ್ತರಿಸುವುದು ಬಾಕಿಯಿದೆ, ಆದರೆ ಕಣ್ಣು ಕಸದ ಡಬ್ಬ ಬಿಟ್ಟು ಬರುತ್ತಿಲ್ಲ, ಅಲ್ಲಿ ಆ ಬಿಳಿ ಗೆರೆ, ಅಂಚಿಗೆ ಉಳಿದಿದ್ದದ್ದು ನಾಲ್ಕು ಬೆರಳು, ನಾಲ್ಕೇ ಬೆರಳು.