ಊರಿಗೆಲ್ಲ ಕೇಳುವ ದನಿ

“ಲೇ ಕೊಂಗಾಟಿ, ಮೈಕ್ನ ತುಟಿಗ್ ತಾಗಿಸ್ಬೇಡ ಕಣೇ. ನಾಳೆ ನಾವೂ ಅದ್ರಲ್ಲೇ ಮಾತಾಡ್ಬೇಕು. ಎಂಜ್ಲು ಮಾಡ್ಬುಟ್ಟು ಕೂತವ್ಳೆ ಮುಂಡೆ.”

ಚೆಲುವರಾಜು ಹೆಗಲ ಮೇಲಿನ ಟವಲಿನಿಂದ ಮೈಕು ಒರೆಸಿ ಮತ್ತೆ ಪೂಂಗೊಡಿಯ ಕೈಗೇ ಕೊಟ್ಟ. ಆಟೊದ ಹಿಂದಿನ ಸೀಟಿನಲ್ಲಿ ಕೂತಿದ್ದ ಅವಳು ಅದನ್ನು ಗೇಣು ದೂರಕ್ಕೆ ಹಿಡಿದು, ಅವನ ಹೆಂಡತಿ ವಾಣಿಶ್ರೀಯನ್ನು ಪಂಚಾಯ್ತಿಗೆ ಆರಿಸಿ ಕಳಿಸಬೇಕೆಂದು ಕೂಗತೊಡಗಿದಳು. ಆಟೊ ಓಡಿಸುತ್ತಿದ್ದ ನಟರಾಜು ಅವಳ ಜೊತೆ ಓದಿದವನು. ಕನ್ನಡಿಯಲ್ಲಿ ಒಮ್ಮೆ ಅವಳ ಮುಖ ನೋಡಿ ರಸ್ತೆಗೆ ಕಣ್ಣು ಹಾಯಿಸಿದ.

ಎಚ್.ಡಿ. ಕೋಟೆಯ ಆಚೆ, ಕೆರೆಯ ಏರಿ ಇಳಿದರೆ ಸಿಗುವ ಗುಡಿಸಲುಗಳನ್ನು ಊರಿನವರು ಕೊಂಗರ ಕೇರಿ ಎನ್ನುತ್ತಾರೆ. ಕಾಲುವೆ ತೋಡಲು ಗುತ್ತಿಗೆದಾರನೊಬ್ಬ ಸೇಲಂ ಕಡೆಯಿಂದ ಲಾರಿಯಲ್ಲಿ ತುಂಬಿಕೊಂಡು ಬಂದ ಜನ ಅವರು. ಕಾಲುವೆ ಮುಗಿಯಿತು, ಗುತ್ತಿಗೆದಾರ ಹೋದ, ಅವರು ಉಳಿದರು. ಪೂಂಗೊಡಿ ಹುಟ್ಟಿದ್ದು ಅಲ್ಲೇ. ಅವಳ ಹೆಸರಿಗೆ ನಾಲಿಗೆ ಹೊರಳದೆ ಮೇಷ್ಟ್ರು ಪುಟ್ಟಿ ಎಂದು ಕರೆದರು. ಊರೂ ಹಾಗೇ ಕರೆಯಿತು.

ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಕಾವೇರಿ ಗಲಾಟೆ ಎದ್ದಿತು. ಕೇರಿಯ ಗಂಡಸರು ಕೂಲಿಗೆ ಹೋಗದೆ ಒಳಗೆ ಕೂತರು. ಅವ್ವ ಅಂಜಲೆ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ಬೀದಿಯಲ್ಲಿ ನಮ್ಮ ಭಾಷೆ ಬಾಯಿಗೆ ಬರಕೂಡದು ಎಂದಳು. ಪೇಸಾದೆ, ಪೇಸಾದೆ. ಮಾತಾಡಬೇಡ ಎನ್ನುವುದನ್ನು ಕೂಡ ಅವಳು ತಮಿಳಿನಲ್ಲೇ, ಪಿಸುದನಿಯಲ್ಲಿ ಹೇಳುತ್ತಿದ್ದಳು. ಅವಳಿಗೆ ಗೊತ್ತಿದ್ದ ರಾಜಕೀಯ ಅಷ್ಟೇ. ಓಟಿನ ದಿನ ತಲೆಯ ಮೇಲೆ ಸೆರಗು ಹೊದೆಯುವುದು, ಯಜಮಾನರು ಹೇಳಿದ ಗುರುತಿಗೆ ಒತ್ತುವುದು, ಯಾರ ಕಣ್ಣಿಗೂ ಬೀಳದೆ ಮನೆಗೆ ಬರುವುದು.

ಆದರೆ ಶಾಲೆಯಿಂದ ಮಕ್ಕಳ ಮೆರವಣಿಗೆ ಹೊರಟಾಗ ಎಲ್ಲರಿಗಿಂತ ಗಟ್ಟಿಯಾಗಿ ಕಾವೇರಿ ನಮ್ಮದು ಎಂದು ಕೂಗಿದವಳು ಪೂಂಗೊಡಿಯೇ. ಬಸ್‌ಸ್ಟ್ಯಾಂಡಿನಲ್ಲಿ ಜನ ಚಪ್ಪಾಳೆ ತಟ್ಟಿದರು. ಗಟ್ಟಿಯಾಗಿ ಕೂಗಿದರೆ ಊರಿನವಳಾಗಬಹುದು ಎಂದು ಅವಳಿಗೆ ಅಂದು ಅನ್ನಿಸಿತು. ಆ ಅನಿಸಿಕೆಯೇ ಇಷ್ಟು ವರ್ಷದ ಮೇಲೆ ಅವಳನ್ನು ಚೆಲುವರಾಜುವಿನ ಆಟೊ ಹತ್ತಿಸಿತ್ತು.

ಪ್ರಚಾರದ ಕೊನೆಯ ದಿನ ಆಟೊ ಕೇರಿಗೂ ಬಂತು. ಪೂಂಗೊಡಿ, ಗೆದ್ದ ಮೇಲೆ ಕೆರೆಯಂಚಿನ ಪ್ರತಿ ಮನೆಗೂ ಹಕ್ಕುಪತ್ರ ಎಂದು ಕನ್ನಡದಲ್ಲಿ ಹೇಳಿ, ಆಮೇಲೆ ಅದನ್ನೇ ತಮಿಳಿನಲ್ಲಿ ಹೇಳಿದಳು. ಚೆಲುವರಾಜು ಬೇಡವೆನ್ನಲಿಲ್ಲ. ಮೈಕಿನಲ್ಲಿ ತಮ್ಮ ಮಾತು ಕೇಳಿ ಮುದುಕಿಯರು ಹೊರಗೆ ಬಂದು ನಿಂತರು. ಓಟು ಹಾಕಿ ಬಂದ ಅಂಜಲೆ, ಈ ಸಲ ಯಜಮಾನರು ಹೇಳಿದರು ಎಂದಲ್ಲ, ನೀನು ಹೇಳಿದೆ ಎಂದು ಒತ್ತಿದೆ ಎಂದಳು.

ವಾಣಿಶ್ರೀ ಗೆದ್ದು ಅಧ್ಯಕ್ಷೆಯಾದಳು. ಪಂಚಾಯ್ತಿಯ ಕುರ್ಚಿಯಲ್ಲಿ ಕೂತವನು ಚೆಲುವರಾಜು. ಹಕ್ಕುಪತ್ರ ಕೇಳಲು ಹೋದಾಗೆಲ್ಲ ಪೂಂಗೊಡಿಯನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ, ಒಳಗೆ ಕಾಫಿ ಕುಡಿದು, ನಾಳೆ ಬಾ ಎಂದು ಹೇಳಿ ಕಳಿಸುತ್ತಿದ್ದ. ಒಂದು ದಿನ ತಾನಾಗಿಯೇ ಕರೆದು, ಪಂಚಾಯ್ತಿಯ ಪ್ರಕಟಣೆಗಳನ್ನು ರೆಕಾರ್ಡು ಮಾಡಿಸಲು ಎಚ್.ಡಿ. ಕೋಟೆಯ ಸ್ಟುಡಿಯೊಗೆ ಕರೆದೊಯ್ದ. ಕಂದಾಯ ಕಟ್ಟಿ, ಕಸ ಬೇರೆ ಮಾಡಿ, ದನಗಳಿಗೆ ಲಸಿಕೆ ಹಾಕಿಸಿ ಎಂದು ಅವನು ಕೊಟ್ಟದ್ದನ್ನೆಲ್ಲ ಅವಳು ಓದಿದಳು. ಕೆರೆಯ ಅಂಗಳದಲ್ಲಿ ಅಕ್ರಮವಾಗಿ ವಾಸವಿರುವವರು ಎಂಬಲ್ಲಿ ನಾಲಿಗೆ ತಡವರಿಸಿತು.

“ಇದು ಯಾವ್ ಕೆರೆ ಅಣ್ಣ?”

“ಎಲ್ಲಾ ಕೆರೆಗೂ ಒಂದೇ ಕಣಮ್ಮಿ, ಮೇಲಿಂದ ಬಂದಿರೋ ಆರ್ಡ್ರು. ನಿಮ್ದಲ್ಲ ಬುಡು. ನಿಮ್ಗೆ ಅಕ್ಕುಪತ್ರ ಕೊಡ್ಸೋನು ನಾನೇ ಅಲ್ವಾ? ಓದು.”

ಅವಳು ಓದಿದಳು. ಚೆನ್ನಾಗಿ ಬಂತು ಎಂದು ಸ್ಟುಡಿಯೊದವನು ಹೊಗಳಿದ.

ಮೂರ್ನಾಲ್ಕು ವಾರ ಕಳೆದಿರಬೇಕು. ಅವಳು ಬೋರಿನ ಹತ್ತಿರ ಬಿಂದಿಗೆ ತುಂಬಿಸುತ್ತಿದ್ದಾಗ ಏರಿಯ ಮೇಲಿನಿಂದ ಅವಳದೇ ದನಿ ಇಳಿದು ಬಂತು. ಹೆಂಗಸರು ನಗುತ್ತ, ನಿನ್ನ ಹಕ್ಕುಪತ್ರ ಬಂತೇನೋ ಎಂದರು. ದನಿ ಹತ್ತಿರವಾಯಿತು. ಏಳು ದಿನದೊಳಗೆ ಗುಡಿಸಲುಗಳನ್ನು ತೆರವು ಮಾಡದಿದ್ದರೆ ಜೆಸಿಬಿಯಿಂದ ತೆರವುಗೊಳಿಸಲಾಗುವುದು ಎಂದು ಅದು ಸ್ಪಷ್ಟವಾಗಿ, ತಪ್ಪಿಲ್ಲದ ಕನ್ನಡದಲ್ಲಿ ಹೇಳಿತು. ನಗುತ್ತಿದ್ದವರು ಅವಳ ಕಡೆ ತಿರುಗಿದರು. ಕೆರೆಯ ದಡಕ್ಕೆ ಹೊಂದಿಕೊಂಡ ಹೊಲ ಚೆಲುವರಾಜುವಿನದು, ಶುಂಠಿ ತೊಳೆಯುವ ಶೆಡ್ಡಿಗೆ ಅವನು ಜಾಗ ಹುಡುಕುತ್ತಿದ್ದ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವಳು ಓಡಿ ಹೋಗಿ ಆಟೊದ ಕಂಬಿ ಹಿಡಿದಳು.

“ನಿಲ್ಸೋ ನಟ. ಅದ್ನ ಆಫ್ ಮಾಡು.”

ನಟರಾಜು ತಲೆ ಎತ್ತಲಿಲ್ಲ. “ಕೇರಿ ತುಂಬ ಕೂಗ್ಸಿ ವಿಡಿಯೊ ಮಾಡಿ ಕಳುಸ್ಬೇಕು ಕಣಮ್ಮಿ. ಇಲ್ದಿದ್ರೆ ಆಟೊ ಕಿತ್ಕತಾನೆ ಬೋಳಿಮಗ. ಏನ್ ಮಾಡ್ಲಿ ಏಳು.”

ಅವಳು ಜನರ ಕಡೆ ತಿರುಗಿ ಕೂಗಿದಳು. ನನಗೆ ಸುಳ್ಳು ಹೇಳಿ ಓದಿಸಿದರು, ನಂಬಬೇಡಿ, ಯಾರೂ ಕದಲಬೇಡಿ. ತಮಿಳಿನಲ್ಲಿ ಕೂಗಿದಳು, ಕನ್ನಡದಲ್ಲಿ ಕೂಗಿದಳು. ತಲೆಯ ಮೇಲಿದ್ದ ಸ್ಪೀಕರು ಅವಳ ಒಂದೊಂದು ಮಾತನ್ನೂ ಅವಳದೇ ದನಿಯಲ್ಲಿ ಮುಚ್ಚಿಹಾಕಿತು. ಗಂಟಲು ಒಡೆದು ಕೆಮ್ಮು ಬಂತು. ಸ್ಪೀಕರಿಗೆ ಕೆಮ್ಮು ಬರಲಿಲ್ಲ.

ಕೇರಿಯ ಹಿರಿಯ ಮರಿಯಯ್ಯ ಕೋಲೂರಿ ಹತ್ತಿರ ಬಂದ. ಅವಳನ್ನು ನೋಡಿದ, ಸ್ಪೀಕರನ್ನು ನೋಡಿದ. “ಇದ್ರಲ್ಲಿ ಯಾವ್ದು ನೀನು ತಾಯಿ?” ಎಂದು ಕೇಳಿದ. ಬೈಯಲಿಲ್ಲ, ನಿಜವಾಗಿಯೂ ಕೇಳಿದ.

ಪೂಂಗೊಡಿ ಆಟೊದ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಮಣ್ಣಿನಲ್ಲಿ ಕೂತುಬಿಟ್ಟಳು. ನಟರಾಜು ಇಂಜಿನ್ ನಿಲ್ಲಿಸಿದ. ಪ್ರಕಟಣೆ ನಿಲ್ಲಲಿಲ್ಲ. ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ ಎಂದು ಮುಗಿದು, ಮತ್ತೆ ಮೊದಲಿನಿಂದ ಶುರುವಾಯಿತು.

ಎದುರಿಗೆ ಅಂಜಲೆ ಸ್ಟೂಲು ಹತ್ತಿ, ಸೂರಿಗೆ ಹೊದಿಸಿದ್ದ ನೀಲಿ ಟಾರ್ಪಾಲಿನ ಹಗ್ಗವನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು.