ಬಟ್ಟಲು ಮುಗಿಯದೆ ಸೂಜಿ ಇಲ್ಲ

ಏಳು ಕಡಲಿನಾಚೆ, ಮಾತು ತಿಳಿಯದ ಊರಿನಲ್ಲಿ, ಒಬ್ಬ ಮುದುಕಿಯ ಕೈಯಲ್ಲಿ ಒಂದು ಹೊಲಿಗೆ ಇತ್ತಂತೆ. ಅದನ್ನು ಹಾಕಿದರೆ ಎಂಥ ದಪ್ಪ ಪುಸ್ತಕವೂ ಬೆನ್ನು ಮುರಿಯದೆ ಅಂಗಾತ ತೆರೆದುಕೊಳ್ಳುತ್ತಿತ್ತಂತೆ. ಅದನ್ನು ಕಲಿತೇ ಬರುತ್ತೇನೆಂದು ತನ್ನೂರಿನ ಗ್ರಂಥಾಲಯದವರಿಗೆ ಮಾತು ಕೊಟ್ಟು, ಪುಸ್ತಕ ಕಟ್ಟುವ ಹುಡುಗಿಯೊಬ್ಬಳು ವಿಮಾನ ಹತ್ತಿದಳು. ಹೊಲಿಗೆಯ ಕಾವಲಿಗೆ ರಾಕ್ಷಸನಿರಬಹುದೆಂದು ದಾರಿಯುದ್ದಕ್ಕೂ ಕನಸು ಕಂಡಳು. ಇದ್ದದ್ದು ಒಂದು ಬಟ್ಟಲು.

ಬೈಂಡಿಂಗ್ ಕೋಣೆಯ ಉದ್ದ ಮೇಜಿನ ಮೇಲಿದ್ದ ನೂಲಿನುಂಡೆ, ಮೇಣ, ಅಂಟಿನ ಡಬ್ಬಿಗಳನ್ನು ಸರಿಸಿ ಮುದುಕಿ ಊಟ ಇಟ್ಟಳು. ಅಲ್ಲೇ ಕೆಲಸಕ್ಕಿದ್ದು ಆ ಊರಿನ ಮಾತು ಕಲಿತಿದ್ದ ಹುಡುಗಿಯ ಚಿಕ್ಕಮ್ಮ ಪಿಸುಗುಟ್ಟಿದಳು: "ನೋಡು ಪುಟ್ಟಿ, ಹೊಟ್ಟೆ ತುಂಬದವರ ಕೈಗೆ ಈ ಅಜ್ಜಿ ಸೂಜಿ ಕೊಡಲ್ಲ. ಹಸಿದ ಕೈ ನಡುಗುತ್ತಂತೆ. ಬಡಿಸಿದ್ದನ್ನೆಲ್ಲ ಮುಗಿಸ್ಬೇಕು. ನಾಳೆಯಿಂದ ಒಂದು ತಿಂಗಳು ಇಲ್ಲಿಗೆ ಬೀಗ. ಆಮೇಲೆ ನನ್ನ ಕೇಳ್ಬೇಡ."

ತಟ್ಟೆಯಲ್ಲಿ ರೊಟ್ಟಿ, ಬೆಂದ ಗೆಡ್ಡೆ, ಹಣ್ಣಿನ ಹೋಳು. ಪಕ್ಕದ ಬಟ್ಟಲಲ್ಲಿ ತಿಂಗಳುಗಟ್ಟಲೆ ಹುಳಿಸಿದ ಮೀನು. ಹುಡುಗಿ ಮೀನು ತಿನ್ನದವಳೇನಲ್ಲ; ಮುಳ್ಳು ಬಿಡಿಸುವುದರಲ್ಲಿ ಊರಿನ ತನ್ನಜ್ಜಿಯನ್ನೇ ಮೀರಿಸಿದವಳು. ಆದರೆ ಇದರ ಚರ್ಮ ಒದ್ದೆ ಕಾಲುಚೀಲದಂತೆ ಸುಕ್ಕುಗಟ್ಟಿತ್ತು, ಅಡಿಯಲ್ಲಿ ಬೂದುಬಣ್ಣದ ಲೋಳೆ ನಿಂತಿತ್ತು. ವಾಸನೆ ಮೂಗು ದಾಟಿ ಗಂಟಲಿಗೇ ಇಳಿಯಿತು: ಮುಚ್ಚಿಟ್ಟು ಮರೆತ ಗಂಜಿಯೊಳಗೆ ಮಳೆಗೆ ನೆಂದ ನಾಯಿ ಮಲಗೆದ್ದಂತೆ.

"ಚಿಕ್ಕಮ್ಮಾ, ಇದು ಅಲ್ಲಾಡ್ತಿದೆ."

"ಮೇಜು ಅಲ್ಲಾಡ್ತಿದೆ ಕಣೇ. ತಿನ್ನು."

"ನಿಂಗೆ ಮಾತ್ರ ಯಾಕೆ ಬರೀ ರೊಟ್ಟಿ?"

"ನಾನು ಬಂದ ದಿನಾನೇ ಮೀನು ಮುಟ್ಟಲ್ಲ, ವ್ರತ ಅಂದ್ಬಿಟ್ಟೆ. ಮೀನಂದ್ರೆ ಪ್ರಾಣ ಅಂತ ಬೆಳಿಗ್ಗೆ ಬಾಯಿ ಬಿಟ್ಟೋಳು ನೀನು."

ಬೇಡದ್ದನ್ನು ಮೊದಲು ನುಂಗು, ಬೇಕಾದದ್ದು ಆಮೇಲೆ ಬಾಯಿ ತೊಳೆಯುತ್ತದೆ ಎಂದು ಹಾಗಲಕಾಯಿ ಪಲ್ಯ ಬಡಿಸುವಾಗೆಲ್ಲ ಊರಿನ ಅಜ್ಜಿ ಹೇಳುತ್ತಿದ್ದಳು. ಹುಡುಗಿ ಉಸಿರು ಬಿಗಿಹಿಡಿದು ಬಟ್ಟಲಿಗೇ ಕೈಹಾಕಿದಳು. ಮೊದಲ ತುತ್ತು ಅಂಗುಳಕ್ಕೆ ಅಂಟಿಕೊಂಡು ಕೆಳಗಿಳಿಯಲೊಲ್ಲದು. ಎರಡನೆಯದು ಇಳಿದದ್ದೇ ವಾಪಸು ಹೊರಟಿತು. ತುಟಿ ಕಚ್ಚಿ ಒಳಗಟ್ಟಿದಳು. ಹಲ್ಲಿನ ಸಂದಿಯಲ್ಲಿ ಏನೋ ಪುಚಕ್ಕೆಂದಿತು. ಕಣ್ಣೀರು ಸುರಿಸುತ್ತಲೇ ಬಟ್ಟಲು ಬರಿದುಮಾಡಿ, ಸ್ವರ್ಗಕ್ಕೆ ಕೈಚಾಚುವಂತೆ ಹಣ್ಣಿನ ಹೋಳಿಗೆ ಕೈಚಾಚಿದಳು.

ಮುದುಕಿಯ ಮುಖ ಅರಳಿತು. ಎದೆ ಮುಟ್ಟಿಕೊಂಡು ಏನೋ ಅಂದಳು.

"ಅಯ್ಯೋ ನನ್ ಕರ್ಮವೇ!" ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಇಲ್ಲಿ ಪ್ರಾಣವಾದದ್ದನ್ನ ಮೊದಲು ತಿಂತಾರೆ ಕಣೇ! ಇಷ್ಟು ಆಸೆಯಿಂದ ಇವರ ಸ್ವಂತ ಮೊಮ್ಮಕ್ಕಳೂ ತಿಂದಿಲ್ವಂತೆ. ತನ್ನ ಪಾಲೂ ನಿಂಗೇ ಅಂತೆ."

ಮುದುಕಿ ತನ್ನ ಬಟ್ಟಲನ್ನು ಮುಂದೆ ತಳ್ಳಿದಳು. ಇದರಲ್ಲಿ ತಲೆಯೂ ಇತ್ತು, ಕಣ್ಣು ಬೆಳ್ಳಗೆ.

"ಹೊಟ್ಟೆ ತುಂಬಿತು ಅಂತ ಹೇಳು ಚಿಕ್ಕಮ್ಮ, ದಮ್ಮಯ್ಯ."

"ಹೇಳ್ತೀನಿ. ಸೂಜಿ ಪೆಟ್ಟಿಗೆ ಒಳಗೆ ಹೋಗುತ್ತೆ. ಹೇಳ್ಲಾ?"

ಹುಡುಗಿ ಕಪಾಟಿನತ್ತ ನೋಡಿದಳು. ಅಲ್ಲಿ ದಪ್ಪದಪ್ಪ ಪುಸ್ತಕಗಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದವು. ಕಣ್ಣು ಮುಚ್ಚಿದಳು. ಬಾಲದಿಂದ ಶುರುಮಾಡಿದಳು.

ಆಮೇಲೆ ಮುದುಕಿ ಸೂಜಿ ಕೊಟ್ಟಳು. ನೂಲು ಒಳಗೆ, ಹೊರಗೆ, ಹಿಂದಿನ ಕುಣಿಕೆಯಡಿ ನುಸುಳಿ ಮತ್ತೆ ಒಳಗೆ. ತೇಗು ಬಂದರೆ ಸರ್ವನಾಶವೆಂದು ಹುಡುಗಿ ತುಟಿ ಬಿಚ್ಚಲಿಲ್ಲ. ಮೈಯೆಲ್ಲ ಬೆವರು, ಬೆರಳಿಗೆಲ್ಲ ಅದೇ ನಾತ. ಎರಡು ಸಲ ತಪ್ಪಿತು, ಎರಡು ಸಲ ಬಿಚ್ಚಿದಳು. ಮೂರನೆಯ ಸಲ ಕೊನೆಯ ಗಂಟು ಹಾಕಿ, ಪುಸ್ತಕವನ್ನು ನಡುವಿಗೆ ಸರಿಯಾಗಿ ತೆರೆದು ಕೈಬಿಟ್ಟಳು.

ಅದು ಅಂಗಾತ ಮಲಗಿತು.